ಕಫ ಸಡಿಲವಾಯಿತು, ಹೊಟ್ಟೆ ತೊಳಸಿತು

ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದ ಕಫಕ್ಕೆ ಡಾಕ್ಟರ್ ಅಸಿಟೈಲ್‌ಸಿಸ್ಟೀನ್ 600 ಮಿಲಿಗ್ರಾಂ ಬರೆದುಕೊಟ್ಟರು. ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬಂದು ಕರಗುವ ಮಾತ್ರೆ. ದಿನಕ್ಕೊಂದು, ಐದು ದಿನ.

ಮೊದಲು ವಾಸನೆ ಬಗ್ಗೆ ಹೇಳಲೇಬೇಕು. ಪೊಟ್ಟಣ ಹರಿದ ಕೂಡಲೇ ಕೊಳೆತ ಮೊಟ್ಟೆ ವಾಸನೆ ಮೂಗಿಗೆ ಬಡಿಯಿತು. ಕೆಟ್ಟುಹೋಗಿದೆ ಅಂತ ಎಸೆಯಲು ಹೊರಟಿದ್ದೆ! ಆದರೆ ಈ ಔಷಧದಲ್ಲೇ ಗಂಧಕ ಇದೆ. ಕಫವನ್ನು ಅಂಟಾಗಿಸುವ ಕೊಂಡಿಗಳನ್ನು ಬಿಡಿಸುವುದೂ ಅದೇ. ಹಣ್ಣಿನ ಫ್ಲೇವರ್ ಸುಮ್ನೆ ನೆಪಕ್ಕೆ.

ಎರಡನೇ ದಿನಕ್ಕೆ ಕಫ ತೆಳ್ಳಗಾಗಿ ಸಲೀಸಾಗಿ ಬರತೊಡಗಿತು. ಅಷ್ಟಕ್ಕೆ ಪೂರ್ತಿ ಅಂಕ. ಆದರೆ ಖಾಲಿ ಹೊಟ್ಟೆಯಲ್ಲಿ ಕುಡಿದ ದಿನ ಅರ್ಧ ಗಂಟೆ ಬೇಸಿನ್ ಹಿಡಿದುಕೊಂಡೇ ನಿಂತಿದ್ದೆ. ವಾಂತಿ ಆಗಲಿಲ್ಲ, ವಾಕರಿಕೆ ಮಾತ್ರ ಜಾಸ್ತಿ. ಊಟ ಆದಮೇಲೆ ಕುಡಿದಾಗ ಅಷ್ಟು ಕಾಟ ಇರಲಿಲ್ಲ. ಒಂದು ದಿನ ಬೇಧಿಯೂ ಆಯಿತು.

ಮಾತ್ರೆ ಜೊತೆ ಬರುವ ಚೀಟಿಯನ್ನು ಯಾರೂ ಓದಲ್ಲ ಅಲ್ವಾ? ಈ ಸಲ ಓದಿದೆ. ಮೈಮೇಲೆ ದದ್ದು, ಮುಖ ಊದುವುದು, ಉಸಿರಾಟದಲ್ಲಿ ಸುಯ್‌ ಸದ್ದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು. ಅಸ್ತಮಾ, ಹೊಟ್ಟೆ ಹುಣ್ಣು ಇರುವವರು ಮೊದಲೇ ಹೇಳಿಬಿಡಬೇಕು. ನೊರೆ ಮಾತ್ರೆಯಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇರುವವರೂ ಕೇಳಿಕೊಳ್ಳಲಿ. ಜೊತೆಗೆ ಕೆಮ್ಮು ತಡೆಯುವ ಸಿರಪ್ ಬೇಡ. ತೆಳ್ಳಗಾದ ಕಫ ಹೊರಗೆ ಬರಬೇಕಾದರೆ ಕೆಮ್ಮಲೇಬೇಕಲ್ಲ!

ಐದಕ್ಕೆ ಮೂರೂವರೆ. ಉಳಿದ ಒಂದೂವರೆಯನ್ನು ಆ ವಾಸನೆಯೇ ತಿಂದುಹಾಕಿತು.