‘ಲಾಸ್ಟ್’ ಮುಕ್ತಾಯ: ಮನಸ್ಸು ತುಂಬುತ್ತದೆ, ಲೆಕ್ಕ ಚುಕ್ತಾ ಆಗುವುದಿಲ್ಲ

ವಿಮಾನ ಬಿದ್ದು ನಿಗೂಢ ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಕಥೆ ಅಮೆರಿಕದ ಟಿವಿ ಸರಣಿ ‘ಲಾಸ್ಟ್’. ‘ಎಲ್ಲರೂ ವಿಮಾನ ಬಿದ್ದಾಗಲೇ ಸತ್ತಿದ್ದರು’ ಅನ್ನುವವರು ಇವತ್ತಿಗೂ ಇದ್ದಾರೆ. ಖಂಡಿತ ಅಲ್ಲ. 2010ರ ಮೇ 23ರಂದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಬಂದ ಕೊನೆಯ ಕಂತಿನಲ್ಲೇ ಕ್ರಿಶ್ಚಿಯನ್ ಶೆಫರ್ಡ್ ಮಗ, ಕಥಾನಾಯಕ ಜ್ಯಾಕ್‌ಗೆ ಬಿಡಿಸಿ ಹೇಳುತ್ತಾನೆ: ದ್ವೀಪದಲ್ಲಿ ನಡೆದದ್ದೆಲ್ಲ ನಿಜ, ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ಎಷ್ಟೋ ಕಾಲದ ನಂತರ. ಸಾವಿನಾಚೆಯದು ಆರನೇ ಸೀಸನ್‌ನಲ್ಲಿ ವಿಮಾನ ಬೀಳದೇ ಹೋದಂತೆ ತೋರಿಸುವ ಸಮಾನಾಂತರ ಬದುಕು ಮಾತ್ರ. ಗೊಂದಲ ಹೆಚ್ಚಿಸಿದ್ದು ಮೊದಲ ಪ್ರಸಾರದಲ್ಲಿ ಕೊನೆಗೆ ಬರುವ ಕಲಾವಿದರ, ತಂತ್ರಜ್ಞರ ಹೆಸರುಗಳ ಹಿಂದೆ ಚಾನೆಲ್ ಸೇರಿಸಿದ ದೃಶ್ಯ: ಖಾಲಿ ಕಡಲತೀರ, ವಿಮಾನದ ಅವಶೇಷ. ಅದು ಕಥೆಯ ಭಾಗವೇ ಅಲ್ಲ.

ಕೊನೆಯ ನಿಮಿಷಗಳಂತೂ ಅಪ್ಪಟ ಚಿನ್ನ. ಬಿದಿರುಮೆಳೆಯಲ್ಲಿ ಗಾಯಗೊಂಡು ಒರಗುವ ಜ್ಯಾಕ್, ಪಕ್ಕಕ್ಕೆ ಬಂದು ಮಲಗುವ ನಾಯಿ ವಿನ್ಸೆಂಟ್, ಮೇಲೆ ಹಾರಿಹೋಗುವ ವಿಮಾನ, ಮುಚ್ಚುವ ಕಣ್ಣು. 2004ರ ಮೊದಲ ಕಂತು ಶುರುವಾಗಿದ್ದು ಇದೇ ಕಣ್ಣು ತೆರೆದು. ಮೈಕಲ್ ಜಿಯಾಕಿನೊ ಸಂಗೀತ ಕೇಳುತ್ತಾ ಗಂಟಲು ಕಟ್ಟದಿದ್ದರೆ ಕೇಳಿ.

ಒಗಟುಗಳ ವಿಷಯದಲ್ಲಿ ಮಾತ್ರ ಸಿಟ್ಟು ಬರುತ್ತದೆ. 4, 8, 15, 16, 23, 42 ದ್ವೀಪದ ಕಾವಲುಗಾರ ಜೇಕಬ್ ತನ್ನ ಜಾಗಕ್ಕೆ ಆರಿಸಿಟ್ಟ ಅಭ್ಯರ್ಥಿಗಳ ಸಂಖ್ಯೆಗಳು ಎಂದರು, ಸರಿ. ಅವೇ ಅಂಕಿಗಳು ದ್ವೀಪದ ನೆಲದಡಿಯ ಬಂಕರಿನ ಮುಚ್ಚಳದ ಮೇಲೆ ಯಾಕೆ? ವಿಮಾನದಲ್ಲಿದ್ದ ಹುಡುಗ ವಾಲ್ಟ್‌ನ ವಿಚಿತ್ರ ಶಕ್ತಿಯನ್ನಂತೂ ಕೈಬಿಟ್ಟೇಬಿಟ್ಟರು. ಡಿವಿಡಿಯಲ್ಲಿ ಸುಮಾರು 12 ನಿಮಿಷದ ಉಪಸಂಹಾರವಿದೆ: ದ್ವೀಪದ ಮೇಲೆ ಆಕಾಶದಿಂದ ಬೀಳುತ್ತಿದ್ದ ಆಹಾರದ ಪೆಟ್ಟಿಗೆ ಎಲ್ಲಿಂದ ಬರುತ್ತಿತ್ತು, ವಾಲ್ಟ್ ಏನಾದ ಎಂಬುದು ಅಲ್ಲಿ ಸಿಗುತ್ತದೆ. ಪ್ರಸಾರವಾದ ಕಂತಿನಲ್ಲೇ ಇರಬೇಕಿತ್ತು.

ಮೊದಲ ಕಂತಿನ ಆರಂಭದ ಐದು ನಿಮಿಷ ಮತ್ತೆ ನೋಡಿಕೊಂಡು ಕೊನೆಯದಕ್ಕೆ ಕೂರಿ.