ಸ್ಪೀಡಿಗೆ ಫುಲ್ ಮಾರ್ಕ್ಸ್, ಆದರೆ ನ್ಯಾಟ್ ಬಗ್ಗೆ ಕೇಳದೆ ದುಡ್ಡು ಕಟ್ಟಬೇಡಿ: ಬಳ್ಳಾರಿಯ ಒಂದು ಫೈಬರ್ ಕನೆಕ್ಷನ್

ಕೌಲ್ ಬಜಾರ್ ಕಡೆ ಈಗ ಎಲ್ಲರೂ ಹಾಕಿಸಿಕೊಳ್ಳುತ್ತಿರುವ ಲೋಕಲ್ ಫೈಬರ್ ಕನೆಕ್ಷನ್ ನಮ್ಮ ಜೀನ್ಸ್ ಹೊಲಿಗೆ ಯೂನಿಟ್‌ನಲ್ಲೂ ಇದೆ, ಮನೆಯಲ್ಲೂ ಇದೆ. ಕಂಪನಿ ಹೆಸರು ಬೇಡ ಬಿಡಿ. 100 ಎಂಬಿಪಿಎಸ್ ಪ್ಲಾನ್, ಜಿಎಸ್‌ಟಿ ಸೇರಿ ತಿಂಗಳಿಗೆ 707 ರೂಪಾಯಿ. ಸ್ಪೀಡ್ ಬಗ್ಗೆ ದೂರು ಹೇಳೋಕೆ ಏನೂ ಇಲ್ಲ. ಬೇಸಿಗೆ ಮಧ್ಯಾಹ್ನ ಕರೆಂಟ್ ಹೋದರೂ ರೂಟರ್ ಇನ್ವರ್ಟರ್ ಮೇಲಿದ್ದರೆ ನೆಟ್ ನಿಲ್ಲುವುದಿಲ್ಲ. ಕಂಪ್ಲೇಂಟ್ ಕೊಟ್ಟರೆ ಹುಡುಗರು ಅದೇ ದಿನ ಬರುತ್ತಾರೆ.

ತೊಂದರೆ ಇರೋದು ಬೇರೆ ಕಡೆ. ಯೂನಿಟ್‌ನ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಅನ್ನು ಮನೆಯಿಂದ ನೋಡಬೇಕಿತ್ತು. ರೂಟರ್‌ನಲ್ಲಿ ಹೊರಗಿನ ಕರೆಯನ್ನು ಡಿವಿಆರ್‌ಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಹಾಕಿ, ಎಲ್ಲ ಸರಿ ಇದೆ ಅಂತ ನೋಡಿಕೊಂಡರೂ ಹೊರಗಿನಿಂದ ಡಿವಿಆರ್ ಸಿಗಲೇ ಇಲ್ಲ. ನೋಡೋಕೆ ಬಂದ ಹುಡುಗ "ಯೂಟ್ಯೂಬ್ ಓಡ್ತಿದೆಯಲ್ಲ ಸಾರ್, ನೆಟ್ ಚೆನ್ನಾಗೇ ಇದೆ" ಅಂದು ಹೋದ. ಅವನು ಹೇಳಿದ್ದು ನಿಜವೇ. ನೆಟ್ ಚೆನ್ನಾಗೇ ಇತ್ತು. ಆದರೆ ನಮ್ಮ ಕನೆಕ್ಷನ್ ಇದ್ದದ್ದು ಸಿಜಿನ್ಯಾಟ್ (ಎಷ್ಟೋ ಮನೆಗಳಿಗೆ ಒಂದೇ ಇಂಟರ್‌ನೆಟ್ ವಿಳಾಸ ಹಂಚುವ ಕಂಪನಿಯ ವ್ಯವಸ್ಥೆ) ಹಿಂದೆ, ಅದನ್ನು ಪ್ಲಾನ್ ಮಾರುವಾಗ ಯಾರೂ ಬಾಯಿ ಬಿಡಲಿಲ್ಲ.

ಇದು ಯಾಕೆ ಹೀಗೆ ಅಂದರೆ, ಐಪಿವಿ4 ವಿಳಾಸಗಳು, ಅಂದರೆ ಇಂಟರ್‌ನೆಟ್‌ನಲ್ಲಿ ಯಾವುದು ಯಾರದು ಅಂತ ಗುರುತಿಸುವ ಐಪಿ ನಂಬರ್‌ಗಳು, ಒಟ್ಟು ಸುಮಾರು 429 ಕೋಟಿ ಮಾತ್ರ, ಹಂಚಲು ಉಳಿದಿದ್ದ ಕೊನೆಯ ದೊಡ್ಡ ಬ್ಲಾಕ್‌ಗಳೂ 2011ರ ಫೆಬ್ರವರಿಯಲ್ಲೇ ಖಾಲಿಯಾದವು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೊಂದು ಪಬ್ಲಿಕ್ ವಿಳಾಸ ಕೊಡೋಕೆ ಆಗಲ್ಲ. ಅದಕ್ಕೇ ಒಳಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸ, ಹೊರಗೆ ಒಂದೇ ಪಬ್ಲಿಕ್ ವಿಳಾಸ, ನಡುವೆ ಅದಲು ಬದಲು ಮಾಡುವ ರೂಟರ್. ಈ ಅದಲು ಬದಲೇ ನ್ಯಾಟ್.

ಇದರಲ್ಲಿ ಸ್ಟ್ಯಾಟಿಕ್ ನ್ಯಾಟ್ ಅಂದರೆ ಒಳಗಿನ ಒಂದು ವಿಳಾಸಕ್ಕೆ ಹೊರಗಿನ ಒಂದು ವಿಳಾಸ ಕಾಯಂ. ಸರ್ವರ್ ಇಟ್ಟುಕೊಂಡಿರುವ ಆಫೀಸುಗಳಿಗೆ ಸರಿ. ಡೈನಾಮಿಕ್ ನ್ಯಾಟ್‌ನಲ್ಲಿ ಕೆಲವು ಪಬ್ಲಿಕ್ ವಿಳಾಸಗಳ ಗುಂಪು ಇರುತ್ತದೆ, ಮೊದಲು ಕೇಳಿದವರಿಗೆ ಸಿಗುತ್ತದೆ, ಮುಗಿದರೆ ಉಳಿದವರು ಕಾಯಬೇಕು. ನಮ್ಮ ಮನೆಗಳಲ್ಲಿ ಇವೆರಡೂ ಇರೋದು ಅಪರೂಪ.

ನಮಗೆ ಸಿಗೋದು ಮೂರನೆಯದು, ಪ್ಯಾಟ್. ಎಲ್ಲರಿಗೂ ಒಂದೇ ಪಬ್ಲಿಕ್ ವಿಳಾಸ, ಯಾರದು ಯಾವುದು ಅಂತ ಗುರುತಿಸೋಕೆ ಪೋರ್ಟ್ ನಂಬರ್. ನಮ್ಮ ಯೂನಿಟ್ ಭಾಷೆಯಲ್ಲೇ ಹೇಳ್ತೀನಿ: ಕಟಿಂಗ್ ಆದ ತುಂಡುಗಳಿಗೆ ಬಂಡಲ್ ನಂಬರಿನ ಚೀಟಿ ಹಾಕಿ ಹೊರಗೆ ಜಾಬ್‌ವರ್ಕ್‌ಗೆ ಕಳಿಸುತ್ತೇವೆ, ವಾಪಸ್ ಬಂದಾಗ ಚೀಟಿ ನೋಡಿ ಯಾವ ಟೇಬಲ್ಲಿಗೆ ಅಂತ ಗೊತ್ತಾಗುತ್ತದೆ. ನಾವು ಕಳಿಸದೇ ಇರೋ ಬಂಡಲ್ ಚೀಟಿ ಇಲ್ಲದೆ ಬಾಗಿಲಿಗೆ ಬಂದರೆ? ಯಾರೂ ಇಳಿಸಿಕೊಳ್ಳಲ್ಲ. ಹೊರಗಿನಿಂದ ಡಿವಿಆರ್‌ಗೆ ಬರುವ ಕರೆಯೂ ಹಾಗೇ ವಾಪಸ್ ಹೋಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ "ಈ ನಂಬರಿಗೆ ಬಂದದ್ದನ್ನು ಡಿವಿಆರ್‌ಗೆ ಕೊಡು" ಅಂತ ರೂಟರ್‌ಗೆ ಮೊದಲೇ ಹೇಳಿಡೋದು.

ಸಿಜಿನ್ಯಾಟ್‌ನಲ್ಲಿ ಕಂಪನಿಯವರು ಇದೇ ಪ್ಯಾಟ್ ಅನ್ನು ತಮ್ಮ ಕಡೆ ಇನ್ನೊಂದು ಸಲ ಮಾಡುತ್ತಾರೆ. ಬೀದಿಯ ಎಷ್ಟೋ ಮನೆಗಳಿಗೆ ಒಂದೇ ಪಬ್ಲಿಕ್ ವಿಳಾಸ. ನಾವು ನಮ್ಮ ರೂಟರ್‌ಗೆ ಎಷ್ಟು ಹೇಳಿದರೂ ಕಂಪನಿಯ ಪೆಟ್ಟಿಗೆಗೆ ಹೇಳೋರು ಯಾರು? ಒಂದು ವಿಳಾಸಕ್ಕೆ ಪೋರ್ಟ್ ನಂಬರ್‌ಗಳು 65,536 ಮಾತ್ರ, ಅದನ್ನೇ ಎಲ್ಲ ಮನೆಗೂ ಹಂಚಬೇಕು. ಬೇರೆಯವರ ಕಿತಾಪತಿಗೆ ಆ ವಿಳಾಸ ಕೆಟ್ಟ ಹೆಸರು ತಗೊಂಡರೆ, "ನೀವು ರೋಬೋಟ್ ಅಲ್ಲ ಅಂತ ತೋರಿಸಿ" ಅನ್ನುವ ಕಾಟ ನಮಗೂ ತಪ್ಪಲ್ಲ.

ಕಂಡುಹಿಡಿಯೋದು ಸುಲಭ. ರೂಟರ್‌ನ ಸ್ಟೇಟಸ್ ಪೇಜ್‌ನಲ್ಲಿ ವ್ಯಾನ್ ಐಪಿ (ಕಂಪನಿ ನಮ್ಮ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ, ಆಮೇಲೆ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಎರಡೂ ಬೇರೆ ಬೇರೆ ಇದ್ದರೆ ನಡುವೆ ಇನ್ನೊಂದು ನ್ಯಾಟ್ ಇದೆ ಅಂತ. ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ ಅನುಮಾನವೇ ಬೇಡ, ಆ ಸಾಲನ್ನು 2012ರಲ್ಲಿ ಸಿಜಿನ್ಯಾಟ್‌ಗೆ ಅಂತಲೇ ಎತ್ತಿಟ್ಟಿದ್ದಾರೆ. ನಮ್ಮದು ಅದೇ ಸಾಲಿನಲ್ಲಿತ್ತು.

ಮನೆಯಲ್ಲಿ ಅಣ್ಣನ ಮಗನದು ಬೇರೆ ಗೋಳು. ಅವನ ಪ್ಲೇಸ್ಟೇಷನ್ "ನ್ಯಾಟ್ ಟೈಪ್ 3" ಅಂತ ತೋರಿಸುತ್ತದೆ. ಅಂದರೆ ಕಟ್ಟುನಿಟ್ಟಿನ ನ್ಯಾಟ್, ಕೆಲವು ಗೆಳೆಯರ ಜೊತೆ ಆಟವೂ ಸೇರಲ್ಲ, ವಾಯ್ಸ್ ಚಾಟೂ ಸೇರಲ್ಲ. ಫುಲ್ ಕೋನ್ ಅನ್ನುವ ಸಡಿಲ ಜಾತಿಯಲ್ಲಿ ಒಮ್ಮೆ ತೆರೆದ ಪೋರ್ಟ್‌ಗೆ ಯಾರು ಬೇಕಾದರೂ ಬರಬಹುದು. ಸಿಮೆಟ್ರಿಕ್ ಜಾತಿಯಲ್ಲಿ ಒಬ್ಬೊಬ್ಬರ ಜೊತೆ ಮಾತಾಡಲು ಒಂದೊಂದು ಹೊಸ ಪೋರ್ಟ್, ಹಾಗಾಗಿ ಎರಡೂ ಕಡೆ ಅದೇ ಇದ್ದರೆ ನೇರ ಸಂಪರ್ಕ ಹೆಚ್ಚುಕಡಿಮೆ ಆಗೋದೇ ಇಲ್ಲ. ವಿಡಿಯೋ ಕಾಲ್ ಆ್ಯಪ್‌ಗಳು ಆಗ ನಡುವಿನ ಸರ್ವರ್ ಮೂಲಕ ದಾಟಿಸಿಬಿಡುತ್ತವೆ, ಅದಕ್ಕೇ ನಮಗೆ ಗೊತ್ತೇ ಆಗಲ್ಲ.

ಐಪಿವಿ6 (ವಿಳಾಸಗಳಿಗೆ ಬರವಿಲ್ಲದ ಹೊಸ ಪದ್ಧತಿ) ಕೊಟ್ಟಿದ್ದರೆ ಈ ರಗಳೆ ಬಹುಮಟ್ಟಿಗೆ ಇರುತ್ತಿರಲಿಲ್ಲ. ಇವರು ಕೊಡುತ್ತಿಲ್ಲ. ಡಿವಿಆರ್ ಕಂಪನಿಯ ಕ್ಲೌಡ್ ಆ್ಯಪ್‌ನಲ್ಲಿ ಚಿತ್ರ ಬರುತ್ತದೆ, ಯಾಕೆಂದರೆ ಅಲ್ಲಿ ಡಿವಿಆರ್ ತಾನೇ ಹೊರಗೆ ಹೋಗಿ ಸರ್ವರ್ ಹಿಡಿಯುತ್ತದೆ. ಆದರೆ ನಮ್ಮಲ್ಲಿ ಅದು ತಡೆದು ತಡೆದು ಬರುತ್ತಿತ್ತು. ಕೊನೆಗೆ ತಿಂಗಳಿಗೆ 200 ರೂಪಾಯಿ ಜಾಸ್ತಿ ಕೊಟ್ಟು ಯೂನಿಟ್‌ಗೆ ಸ್ಟ್ಯಾಟಿಕ್ ಪಬ್ಲಿಕ್ ಐಪಿ ತಗೊಂಡೆವು, ಈಗ ಕ್ಯಾಮೆರಾ ತಕ್ಷಣ ತೆರೆಯುತ್ತದೆ.

ಸಿನಿಮಾ, ಆನ್‌ಲೈನ್ ಕ್ಲಾಸ್, ಯುಪಿಐ ಇಷ್ಟೇ ಸಾಕು ಅನ್ನೋರು ಕಣ್ಣು ಮುಚ್ಚಿ ಹಾಕಿಸಿ, 5ಕ್ಕೆ 4 ಕೊಡ್ತೀನಿ. ಕ್ಯಾಮೆರಾ, ಗೇಮ್, ಮನೆಯಲ್ಲೇ ಸರ್ವರ್ ಇದ್ದವರಿಗೆ 2. ಸೇರುವ ಮುಂಚೆ "ಪಬ್ಲಿಕ್ ಐಪಿ ಇದೆಯಾ, ಎಷ್ಟು?" ಅಂತ ಕೇಳಿ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪಬ್ಲಿಕ್ ಐಪಿ ಬಂದ ದಿನವೇ ಡಿವಿಆರ್ ಪಾಸ್‌ವರ್ಡ್ ಬದಲಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ನಮ್ಮ ಡಿವಿಆರ್ ಲಾಗ್‌ನಲ್ಲಿ ಆವತ್ತು ರಾತ್ರಿಯೇ ಯಾರ್ಯಾರೋ 'ಅಡ್ಮಿನ್' ಅಂತ ಹಾಕಿ ಒಳಗೆ ಬರೋಕೆ ನೋಡಿದ್ದು ಸಾಲುಸಾಲಾಗಿ ಇತ್ತು.