ಕೊಡಗಿನ ಮಳೆಗೆ ಕೆಂಡವೋ, ಡಿಹ್ಯುಮಿಡಿಫೈಯರೋ?

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮಡಿಕೇರಿ ಮನೆಯ ಬೀರು ತೆಗೆದರೆ ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು, ಮೂಗಿಗೆ ಮುಗ್ಗಲು ವಾಸನೆ. ತೇವ ಓಡಿಸೋಕೆ ಏನು ತರೋದು?

ಕೆಂಡದ ಅಗ್ಗಿಷ್ಟಿಕೆ ಅಗ್ಗ, ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಮಲಗುವ ಕೋಣೆಗಂತೂ ಬೇಡವೇ ಬೇಡ.

ಡಿಹ್ಯುಮಿಡಿಫೈಯರ್ ಅಂದರೆ ಗಾಳಿಯ ತೇವ ಹೀರುವ ಯಂತ್ರ. ಇದು ದುಬಾರಿ, ಕರೆಂಟೂ ಬೇಕು. ನಮ್ಮಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮತ್ತೆ ಕರೆಂಟ್ ಬರೋದು ಯಾವಾಗಲೋ, ಅಲ್ವಾ! ಆದರೂ ನನ್ನ ಓಟು ಇದಕ್ಕೇ. ಬಾಗಿಲು ಹಾಕಿ ಓಡಿಸಿ, ಅದರ ತೊಟ್ಟಿಯಲ್ಲಿ ಸೇರಿದ ನೀರು ನೋಡಿದರೆ ದಂಗಾಗುತ್ತೀರಿ. ತೇವಾಂಶ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯೋದು ಕಷ್ಟ.

ಬೀರುವಿಗೆ ಮಾತ್ರವಾದರೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನ ಡಬ್ಬಿ ಸಾಕು. ಮಾಡು ಸೋರುತ್ತಿದ್ದರೆ ಮಾತ್ರ ಮೊದಲು ಹೆಂಚು ಸರಿಮಾಡಿಸಿ.